ಮರಿಮೀನಿನ ತೊಟ್ಟಿಯೂ ಮುರಕಲ್ಲಿನ ನೀರೂ

ಗಾಜಿನ ತೊಟ್ಟಿಯಲ್ಲಿ ಮೀನು ಸತ್ತರೆ, ಮನೆಗೆ ತಗುಲಬೇಕಿದ್ದ ದೃಷ್ಟಿಯನ್ನು ಅದು ತನ್ನ ಮೇಲೆ ಎಳೆದುಕೊಂಡಿತೆಂದು ಸಮಾಧಾನ ಹೇಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕಾಸರಗೋಡಿನ ಒಳನಾಡಿನಲ್ಲಿ ಗಪ್ಪಿ, ಮೋಲಿಗಳನ್ನು ಮರಿ ಮಾಡಿಸುವವರಿಂದಲೂ ಇಂಥದೇ ಮಾತು ಕೇಳಿಬರುತ್ತದೆ: ನಿನ್ನೆಯವರೆಗೆ ಚುರುಕಾಗಿದ್ದ ಮರಿಗಳು ನೀರು ಬದಲಿಸಿದ ರಾತ್ರಿಯೇ ಒಟ್ಟಿಗೆ ಸತ್ತವು, ಯಾರ ಕಣ್ಣು ಬಿತ್ತೋ ಏನೋ. ಕಣ್ಣು ಯಾರದೂ ಅಲ್ಲ. ಹೆಚ್ಚಿನ ಸಲ ಅದರ ಹಿಂದಿರುವುದು ಅಮೋನಿಯಾ ಮತ್ತು ನಮ್ಮ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ನೆಲದ, ನೀರು.

ತೊಟ್ಟಿಯ ಆಯ್ಕೆ ದೊಡ್ಡ ವಿದ್ಯೆಯೇನಲ್ಲ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಮತ್ತು ಅಷ್ಟೇ ಎತ್ತರದ, 54 ಲೀಟರ್ ಹಿಡಿಯುವ ತೊಟ್ಟಿ ಸಾಕು. ಆಮ್ಲಜನಕ ನೀರಿಗಿಳಿಯುವುದು ಮೇಲ್ಮೈಯಿಂದಾದ್ದರಿಂದ ಆಳಕ್ಕಿಂತ ಅಗಲ ಮುಖ್ಯ. ಬಾಯಿ ಕಿರಿದಾದ ಗುಂಡು ಬುರುಡೆ ಮೇಜಿನ ಅಲಂಕಾರಕ್ಕಷ್ಟೇ ಸರಿ. ತಳಕ್ಕೆ ಕಲ್ಲು ಹಾಸದಿದ್ದರೆ ಉಳಿದ ಆಹಾರ ಕಣ್ಣಿಗೆ ಬೀಳುತ್ತದೆ. ಮೋಟಾರು ಫಿಲ್ಟರ್ ಮರಿಗಳನ್ನೇ ಹೀರಿಬಿಡುವುದರಿಂದ, ಗಾಳಿಯ ಪಂಪಿನಿಂದ ನಡೆಯುವ ಸ್ಪಂಜಿನ ಫಿಲ್ಟರನ್ನೇ ಹಾಕಬೇಕು.

ಆ ಸ್ಪಂಜಿನೊಳಗೇ ನಿಜವಾದ ಸಂಗತಿಯಿರುವುದು. ಮರಿಗಳಿಗೆ ದಿನಕ್ಕೆ ನಾಲ್ಕೈದು ಬಾರಿ ಪ್ರೋಟೀನು ತುಂಬಿದ ಆಹಾರ ಬೇಕು. ಅದರಲ್ಲಿ ದೇಹಕ್ಕೆ ಹತ್ತದ ಸಾರಜನಕ ಬಹುಪಾಲು ಅಮೋನಿಯಾ ಆಗಿ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ಸ್ಪಂಜಿನ ರಂಧ್ರಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಪ್ರಯೋಗಾಲಯದಲ್ಲಿ ಜೆಲಾಟಿನ್ ಎಂಬ ಜೈವಿಕ ಅಂಟನ್ನು ಹಾಕಿ ಬೆಳೆಸಲು ಹೋದವರಿಗೆ ಇವು ಸಿಕ್ಕಿರಲಿಲ್ಲ. ಇವು ಬದುಕುವುದು ಜೈವಿಕ ಆಹಾರದಿಂದಲ್ಲ ಎಂದು ಗುರುತಿಸಿ, 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವರು ರಷ್ಯಾದ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ. ಎರಡು ಹಂತಕ್ಕೆ ಎರಡು ಬಗೆಯ ಜೀವಿಗಳೇ ಬೇಕೆಂದು ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ನಂಬಲಾಗಿತ್ತು. 2015ರಲ್ಲಿ, ಎರಡನ್ನೂ ಒಂಟಿಯಾಗಿ ಮುಗಿಸುವ ನೈಟ್ರೋಸ್ಪೈರಾ ಬ್ಯಾಕ್ಟೀರಿಯಾ ಪತ್ತೆಯಾಯಿತು, ಅದೂ ಒಂದು ಕಡೆ ಮೀನು ಸಾಕಣೆಯ ಫಿಲ್ಟರಿನಲ್ಲೇ!

ಈ ಕೆಲಸಕ್ಕೆ ಸುಣ್ಣದ ಅಂಶ ಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ 7.14 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರತೆ, ಅಂದರೆ ಆಮ್ಲವನ್ನು ತಡೆಯುವ ಶಕ್ತಿ, ಖರ್ಚಾಗುತ್ತದೆ. ಬಾಯಾರು, ಪೈವಳಿಕೆ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳ ನೀರಾಗಲಿ, ಗುಡ್ಡದ ಬುಡದ ಬಾವಿಯ ನೀರಾಗಲಿ, ಸುಣ್ಣವಿಲ್ಲದ ಮುರಕಲ್ಲಿನ ಮೂಲಕ ಸೋಸಿ ಬರುವುದರಿಂದ ಕುಡಿಯಲು ಹಿತವಾಗಿದ್ದರೂ ಮೆದು, ತುಸು ಆಮ್ಲೀಯ. ಇದ್ದಷ್ಟು ಕ್ಷಾರತೆ ಬೇಗನೆ ಮುಗಿದು ಪಿಎಚ್ (ಆಮ್ಲೀಯತೆಯ ಅಳತೆ; 7ಕ್ಕಿಂತ ಇಳಿದಷ್ಟೂ ನೀರು ಆಮ್ಲೀಯ) 6ಕ್ಕೆ ಇಳಿಯಿತೆಂದರೆ ಬ್ಯಾಕ್ಟೀರಿಯಾಗಳ ಕೆಲಸ ಬಹುಮಟ್ಟಿಗೆ ನಿಂತಂತೆ. ಅಲ್ಲಿಂದ ಅಮೋನಿಯಾ ಸೇರುತ್ತಲೇ ಹೋದರೂ ಮರಿಗಳು ಆರಾಮವಾಗಿ ಈಜಾಡುತ್ತಿರುತ್ತವೆ, ಏಕೆಂದರೆ ಆಮ್ಲೀಯ ನೀರಿನಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಅಷ್ಟೇನೂ ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ, ಕೋಳಿ ಅಂಕದಲ್ಲಿ ಹುಂಜದ ಕಾಲಿಗೆ ಕಟ್ಟುವ ಕತ್ತಿಗೆ ಬಟ್ಟೆ ಸುತ್ತಿಟ್ಟ ಹಾಗೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 6 ಇರುವಾಗ ವಿಷಕಾರಿ ಅಮೋನಿಯಾದ ಪಾಲು ಒಟ್ಟು ಮೊತ್ತದ ಶೇ. 0.06ರಷ್ಟು, ಪಿಎಚ್ 7ರಲ್ಲಿ ಶೇ. 0.6, 8ರಲ್ಲಿ ಶೇ. 5ಕ್ಕೂ ಹೆಚ್ಚು. ನೀರು ಹಳತಾಯಿತೆಂದು ಸುಣ್ಣ ಬಿಡುವ ಹೊಸ ಸಿಮೆಂಟ್ ಟಾಂಕಿಯ ನೀರನ್ನು ತಂದು ಸುರಿದರೆ ಪಿಎಚ್ ಒಮ್ಮೆಗೇ ಏರಿ, ಅಷ್ಟು ದಿನ ಸುಮ್ಮನಿದ್ದ ಅಮೋನಿಯಂ ರಾತ್ರಿ ಬೆಳಗಾಗುವುದರೊಳಗೆ ವಿಷವಾಗುತ್ತದೆ. ಸತ್ತ ಮರಿಗಳ ಲೆಕ್ಕ ದೃಷ್ಟಿಯ ಖಾತೆಗೆ ಹೋಗುತ್ತದೆ.

ಇದಕ್ಕೆ ಮದ್ದು ಹೊಳೆಯ ಅಳಿವೆಯಲ್ಲೇ ಸಿಗುತ್ತದೆ. ಮರುವಾಯಿ (ಅಳಿವೆಯ ಚಿಪ್ಪುಜೀವಿ) ಸುಕ್ಕ ತಿಂದು ಎಸೆಯುವ ಚಿಪ್ಪುಗಳು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಮಸಾಲೆ, ಎಣ್ಣೆಯ ಪಸೆ ಹೋಗುವಂತೆ ತಿಕ್ಕಿ ತೊಳೆದು, ಕುದಿಸಿ, ಒಣಗಿಸಿದ ಒಂದು ಹಿಡಿ ಚಿಪ್ಪನ್ನು ಬಲೆಯ ಚೀಲದಲ್ಲಿ ಸ್ಪಂಜಿನ ಪಕ್ಕ ಇಟ್ಟರೆ, ನೀರಿನ ಆಮ್ಲೀಯತೆ ಹೆಚ್ಚಿದಷ್ಟೂ ಬೇಗ ಕರಗಿ, ಇಳಿದಾಗ ತಾನೇ ನಿಧಾನವಾಗುತ್ತದೆ. ಕೆಲವು ತಿಂಗಳು ಕಳೆದು ತೆಗೆದು ನೋಡಿದರೆ ಚಿಪ್ಪಿನ ಹೊಳಪು ಹೋಗಿ, ಬೆನ್ನಿನ ಗೆರೆಗಳು ಮೊಂಡಾಗಿ, ಉಜ್ಜಿದ ಬೆರಳಿಗೆ ಬಿಳಿ ಹುಡಿ ಹತ್ತುತ್ತದೆ. ಆದರೆ ಚಿಪ್ಪು ಮೀನಿಗಿಂತ ಮೊದಲೇ ನೀರಿಗಿಳಿಯಬೇಕು. ಅಮೋನಿಯಾ ಸೇರಿದ ತೊಟ್ಟಿಗೆ ಆಮೇಲೆ ಹಾಕಿದರೆ ಅದೂ ಪಿಎಚ್ ಏರಿಸಿ ಅಪಾಯ ತರಬಹುದು.

ಈ ಬ್ಯಾಕ್ಟೀರಿಯಾಗಳು ಬಹಳ ನಿಧಾನವಾಗಿ ಹೆಚ್ಚುವುದರಿಂದ ತೊಟ್ಟಿಯನ್ನು ನಾಲ್ಕಾರು ವಾರ ಮುಂಚೆಯೇ ಹೂಡಿ, ಕೊಳೆತು ಅಮೋನಿಯಾ ಆಗಿ ಅವುಗಳಿಗೆ ಸಿಗಲೆಂದು ಮೀನಿಲ್ಲದ ನೀರಿಗೇ ಚಿಟಿಕೆ ಆಹಾರ ಹಾಕುತ್ತಿರಬೇಕು. ಅಮೋನಿಯಾವೂ ನೈಟ್ರೈಟೂ ಸೊನ್ನೆಯೆಂದು ಪರೀಕ್ಷೆಯ ಕಿಟ್ ತೋರಿಸಿದ ಬಳಿಕವೇ ಮರಿ ಬಿಡುವುದು. ಹಳೆಯ ತೊಟ್ಟಿಯ ಸ್ಪಂಜು ಸಿಕ್ಕಿದರೆ ಕಾಯುವ ದಿನಗಳು ಕಡಿಮೆಯಾಗುತ್ತವೆ. ಸ್ಪಂಜನ್ನು ಕ್ಲೋರಿನ್ ಬೆರೆತ ನಳ್ಳಿಯ ನೀರಿನಲ್ಲಿ ತೊಳೆಯಬಾರದು. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲನೆ ಹಿಂಡಿದರೆ ಸಾಕು. ಆಟಿಯ ಮಳೆಗೆ ಗಂಟೆಗಟ್ಟಲೆ ಕರೆಂಟು ಹೋದಾಗ ಗಾಳಿಯಿಲ್ಲದೆ ಸ್ಪಂಜಿನ ಒಳಗೂ ಉಸಿರುಕಟ್ಟುವುದರಿಂದ, ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪೊಂದನ್ನು ಮಳೆಗಾಲಕ್ಕೆ ಮುಂಚೆಯೇ ತಂದಿಡುವುದು ಒಳ್ಳೆಯದು.