ನೀರಿನ ಮಾತ್ರೆಯಿಂದ ಏರುವ ಯೂರಿಕ್ ಆಮ್ಲ

ರಕ್ತದೊತ್ತಡಕ್ಕೋ, ಹೃದಯದ ದೌರ್ಬಲ್ಯಕ್ಕೋ, ಕಾಲಿನ ಊತಕ್ಕೋ ವೈದ್ಯರು ಕೊಡುವ ಮೂತ್ರವರ್ಧಕ ಔಷಧಿಯನ್ನು ಜನ ನೀರಿನ ಮಾತ್ರೆ ಎನ್ನುತ್ತಾರೆ. ಈ ಮಾತ್ರೆಯಿಂದಾಗಿ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚುವ ಸ್ಥಿತಿಯೇ ಮೂತ್ರವರ್ಧಕಜನ್ಯ ಹೈಪರ್‌ಯೂರಿಸೀಮಿಯಾ. ಮೂತ್ರ ಹೆಚ್ಚು ಹೋದರೆ ಯೂರಿಕ್ ಆಮ್ಲವೂ ಹೆಚ್ಚು ಹೋಗಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಮೂತ್ರಪಿಂಡದಲ್ಲಿ ನಡೆಯುವುದೇ ಬೇರೆ.

ಜೀವಕೋಶಗಳಲ್ಲೂ ಆಹಾರದಲ್ಲೂ ಇರುವ ಪ್ಯೂರಿನ್ ಒಡೆದಾಗ ಕೊನೆಗೆ ಉಳಿಯುವುದು ಯೂರಿಕ್ ಆಮ್ಲ. ಅದರ ಸುಮಾರು ಮೂರನೇ ಎರಡು ಭಾಗವನ್ನು ಮೂತ್ರಪಿಂಡ ಹೊರಹಾಕುತ್ತದೆ, ಉಳಿದದ್ದು ಕರುಳಿನ ಮೂಲಕ ಹೋಗುತ್ತದೆ. ಮೂತ್ರಪಿಂಡ ಸೋಸಿದ ಯೂರಿಕ್ ಆಮ್ಲದಲ್ಲಿ ಶೇಕಡಾ 90ರಷ್ಟು ಅಲ್ಲಿನ ಸೂಕ್ಷ್ಮನಾಳಗಳಿಂದಲೇ ಮತ್ತೆ ರಕ್ತಕ್ಕೆ ಮರಳುತ್ತದೆ. ಮೂತ್ರವರ್ಧಕ ತೆಗೆದುಕೊಂಡಾಗ ಉಪ್ಪು, ನೀರು ಹೊರಟುಹೋಗಿ ರಕ್ತದ ದ್ರವಾಂಶ ತಗ್ಗುತ್ತದೆ. ಆ ಕೊರತೆಯನ್ನು ತುಂಬಲು ನಾಳದ ಮೊದಲ ಭಾಗ ಸೋಡಿಯಂ ಅನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುವಾಗ, ಅದರ ಜೊತೆಗೆ ಯೂರಿಕ್ ಆಮ್ಲವೂ ಹಿಂದಕ್ಕೆ ಬರುತ್ತದೆ. ಸಾಲದ್ದಕ್ಕೆ, ಮಾತ್ರೆಯ ಅಣುಗಳು ಈ ಸೂಕ್ಷ್ಮನಾಳವನ್ನು ಸೇರಲು ಬಳಸುವ ಸಾಗಣೆ ಪ್ರೋಟೀನುಗಳೇ ಯೂರಿಕ್ ಆಮ್ಲಕ್ಕೂ ದಾರಿಯಾದ್ದರಿಂದ, ಒಂದೇ ಬಾಗಿಲಿಗೆ ಇಬ್ಬರು ಮುಗಿಬಿದ್ದಂತಾಗಿ ಯೂರಿಕ್ ಆಮ್ಲ ಹೊರಬೀಳುವುದು ಇನ್ನೂ ನಿಧಾನವಾಗುತ್ತದೆ. ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ಈ ಏರಿಕೆ ಕಾಣಿಸಿಕೊಳ್ಳಬಹುದು. ಪ್ರಮಾಣ ಹೆಚ್ಚಿದಷ್ಟೂ ಏರಿಕೆಯೂ ಹೆಚ್ಚು.

ರಕ್ತದ ಒಂದು ಡೆಸಿಲೀಟರಿನಲ್ಲಿ ಯೂರಿಕ್ ಆಮ್ಲ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದು ಪೂರ್ತಿ ಕರಗಿರಲಾರದು. ದೇಹದ ಉಳಿದ ಭಾಗಕ್ಕಿಂತ ತುಸು ತಂಪಾಗಿರುವ ಕಾಲಿನ ಹೆಬ್ಬೆರಳಿನ ಬುಡದಂಥ ಕಡೆ ಸೂಜಿಯಾಕಾರದ ಹರಳುಗಳು ಕಟ್ಟಿ, ನಡುರಾತ್ರಿ ಹೊದಿಕೆ ತಾಗಿದರೂ ಸಹಿಸಲಾಗದ ಉರಿನೋವು ಎದ್ದರೆ ಅದೇ ಗೌಟ್. ಯೂರಿಕ್ ಆಮ್ಲ ಹೆಚ್ಚಿದ ಎಲ್ಲರಿಗೂ ಗೌಟ್ ಬರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

ವರ್ಷಗಟ್ಟಲೆ ನೀರಿನ ಮಾತ್ರೆ ನುಂಗುತ್ತಿರುವ ವಯಸ್ಸಾದ ಹೆಂಗಸರಲ್ಲಿ ಗೌಟ್ ಕೆಲವೊಮ್ಮೆ ಹೆಬ್ಬೆರಳನ್ನು ಬಿಟ್ಟು ಕೈಬೆರಳ ತುದಿಗಂಟುಗಳಲ್ಲಿ ಕಾಣಿಸುತ್ತದೆ. ಸಂಧಿಸವೆತದಿಂದ ಮೊದಲೇ ದಪ್ಪಗಾದ ಗಂಟುಗಳಲ್ಲಿ ಹರಳು ಸೇರಿಕೊಳ್ಳುವುದರಿಂದ, ಮನೆಯವರು ಅದನ್ನು ವಯಸ್ಸಿನ ನೋವು ಎಂದು ತಳ್ಳಿಹಾಕುತ್ತಾರೆ. ಆ ತಾಯಂದಿರು ಸುಮ್ಮನೆ ಸಹಿಸಿಕೊಳ್ಳುವ ಈ ನೋವಿಗೆ ಚಿಕಿತ್ಸೆ ಇದೆ ಎಂಬುದು ಎಲ್ಲರಿಗೂ ತಿಳಿಯಬೇಕು.

ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್ ಮೊದಲಾದ ಥಯಜೈಡ್ ಬಗೆಯವು, ಫ್ಯೂರೋಸೆಮೈಡ್, ಟಾರ್ಸೆಮೈಡ್‌ಗಳಂಥ ಪ್ರಬಲ ಮೂತ್ರವರ್ಧಕಗಳು, ಇವೆರಡೂ ಯೂರಿಕ್ ಆಮ್ಲವನ್ನು ಏರಿಸುತ್ತವೆ. ಸ್ಪೈರೊನೊಲ್ಯಾಕ್ಟೋನ್ ಎಂಬ ಇನ್ನೊಂದು ಮೂತ್ರವರ್ಧಕದಿಂದ ಹೇಳಿಕೊಳ್ಳುವಂಥ ಏರಿಕೆ ಆಗುವುದಿಲ್ಲ. ನಮ್ಮಲ್ಲಿ ಅನೇಕರು ಮೂತ್ರವರ್ಧಕ ತೆಗೆದುಕೊಳ್ಳುತ್ತಿರುವುದು ಅವರಿಗೇ ಗೊತ್ತಿರುವುದಿಲ್ಲ. ಟೆಲ್ಮಿಸಾರ್ಟಾನ್‌ನಂಥ ಬಿಪಿ ಔಷಧಿಯ ಜೊತೆ ಕೆಲವೊಮ್ಮೆ ಅದೇ ಗುಳಿಗೆಯಲ್ಲಿ 12.5 ಮಿಲಿಗ್ರಾಂ ಹೈಡ್ರೋಕ್ಲೋರೋಥಯಜೈಡ್ ಬೆರೆತಿರುತ್ತದೆ. ಹೆಸರಿನ ಕೊನೆಯಲ್ಲಿ 'ಎಚ್' ಅಕ್ಷರವಿದ್ದರೆ ಸಾಮಾನ್ಯವಾಗಿ ಅದರ ಸೂಚನೆಯೇ. ಗುಳಿಗೆಯ ಸ್ಟ್ರಿಪ್‌ನ ಹಿಂಬದಿಯ ಸಣ್ಣಕ್ಷರಗಳನ್ನು ಒಮ್ಮೆ ಬೆಳಕಿಗೆ ಹಿಡಿದು ಓದಿನೋಡಿ.

ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕಾರಿ, ಅದರಲ್ಲೂ ಹೃದಯ ದುರ್ಬಲವಾಗಿರುವವರಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿ ಉಸಿರೇ ಕಷ್ಟವಾಗಬಹುದು. ಅಂಥವರಿಗೆ ಮೂತ್ರವರ್ಧಕ ಅನಿವಾರ್ಯವಾದರೆ, ಅದನ್ನು ಮುಂದುವರಿಸಿಯೇ ಗೌಟ್‌ಗೆ ಅಲೋಪ್ಯೂರಿನಾಲ್‌ನಂಥ ಔಷಧಿ ಕೊಡುತ್ತಾರೆ. ಬರೀ ರಕ್ತದೊತ್ತಡಕ್ಕಾಗಿ ಮಾತ್ರೆ ನುಂಗುವವರಿಗೆ ಬದಲಿ ದಾರಿಗಳಿವೆ: ಲೋಸಾರ್ಟಾನ್ ಯೂರಿಕ್ ಆಮ್ಲವನ್ನು ಮೂತ್ರದ ಮೂಲಕ ಸ್ವಲ್ಪ ಹೆಚ್ಚಾಗಿ ಹೊರಕಳಿಸುತ್ತದೆ, ಆಮ್ಲೋಡಿಪಿನ್ ಗೌಟ್‌ನ ಅಪಾಯವನ್ನು ಹೆಚ್ಚಿಸುವುದಿಲ್ಲ. ಈ ಬದಲಾವಣೆಯ ತೀರ್ಮಾನ ವೈದ್ಯರದ್ದೇ ಆಗಿರಬೇಕು.

ನೋವು ಜೋರಾಗಿರುವ ದಿನ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ ಸಹಜವಾಗಿಯೇ ಕಾಣಬಹುದಾದ್ದರಿಂದ, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕಾಗುತ್ತದೆ. ಅಷ್ಟರೊಳಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆ ಕೇಳಿ ತಂದು ನುಂಗುವ ರೂಢಿಯ ಬಗ್ಗೆ ನನಗೆ ನಿಜವಾಗಿ ಆತಂಕವಿದೆ. ಮೂತ್ರವರ್ಧಕವೂ ಟೆಲ್ಮಿಸಾರ್ಟಾನ್ ಬಗೆಯ ಔಷಧಿಯೂ ಇರುವ ದೇಹಕ್ಕೆ ಅದೂ ಸೇರಿದರೆ ಮೂತ್ರಪಿಂಡಕ್ಕೆ ಹಠಾತ್ ಪೆಟ್ಟು ಬೀಳಬಹುದು.