ನೂರರ ವೇಗದಲ್ಲಿ ಕಾರು ನಡುಗಿದರೆ ಮೊದಲು ಅಲೈನ್‌ಮೆಂಟ್‌ಗೆ ಓಡಬೇಡಿ

"60ರವರೆಗೆ ಏನೂ ಇಲ್ಲ, 90 ದಾಟುತ್ತಿದ್ದಂತೆ ಸ್ಟೇರಿಂಗ್ ಗಡಗಡ ಅನ್ನುತ್ತೆ." ಹೀಗೆ ಹೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಅಷ್ಟರಲ್ಲೇ ಅಲೈನ್‌ಮೆಂಟ್ ಮಾಡಿಸಿರುತ್ತಾರೆ. ದುಡ್ಡು ಹೋಗಿದೆ, ನಡುಕ ಹಾಗೇ ಇದೆ. ಅಲೈನ್‌ಮೆಂಟ್ ಅಂದರೆ ಚಕ್ರ ಯಾವ ಕೋನದಲ್ಲಿ ನಿಂತಿದೆ ಅನ್ನುವ ಲೆಕ್ಕ. ಅದು ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರ್ ಒಂದೇ ಅಂಚಿನಲ್ಲಿ ಬೇಗ ಸವೆಯುತ್ತದೆ. ಈ ನಡುಕಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ತಿರುಗುವ ಭಾಗ ಯಾವುದೋ ಒಂದು ನೆಟ್ಟಗೆ ತಿರುಗುತ್ತಿಲ್ಲ, ಅದಕ್ಕೇ ನಡುಕ. ಅದು ಯಾವುದು ಅಂತ ಪಾನಾ ಹಿಡಿಯುವ ಮೊದಲು ಓಡಿಸಿಯೇ ಮುಕ್ಕಾಲು ಪಾಲು ಕಂಡುಹಿಡಿಯಬಹುದು.

ಖಾಲಿ, ಸಮತಟ್ಟು ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ಹೋಗಿ. ಕೈಗೆ ಗೊತ್ತಾಗುತ್ತಿದೆಯೋ, ಸೀಟಿಗೋ? ಸ್ಟೇರಿಂಗ್ ಅಲ್ಲಾಡಿದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟು ಮತ್ತು ನೆಲ ಅದುರಿದರೆ ಹಿಂದಿನದು. ಈಗ ಅದೇ ವೇಗದಲ್ಲಿ ಒಂದು ಗೇರ್ ಕೆಳಗಿಳಿಸಿ. ಎಂಜಿನ್ ವೇಗ ಬದಲಾಯಿತು, ಚಕ್ರದ್ದು ಬದಲಾಗಲಿಲ್ಲ, ಅಲ್ವಾ? ನಡುಕ ಹಾಗೇ ಉಳಿದರೆ ಎಂಜಿನ್ ಮತ್ತು ಅದರ ಮೌಂಟ್‌ಗಳನ್ನು ಸುಮ್ನೆ ಬಿಚ್ಚಬೇಡಿ. ಆಮೇಲೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಕಾಲು ಒತ್ತಿದಾಗ ಮಾತ್ರ ಕಾರಿನ ಮುಂಭಾಗ ಎಡಕ್ಕೆ ಬಲಕ್ಕೆ ಹೊಯ್ದಾಡಿ, ತೆಗೆದ ಕೂಡಲೇ ನಿಂತರೆ ಆಕ್ಸಲ್‌ನ ಒಳಗಡೆಯ ಜಾಯಿಂಟ್ ಸವೆದಿರುವ ಸಾಧ್ಯತೆ ಜಾಸ್ತಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿ. ಅದರ ದಪ್ಪ ಸುತ್ತಲೂ ಒಂದೇ ಸಮ ಇರಬೇಕು, ಮಿಲಿಮೀಟರ್‌ನ ನೂರನೇ ಒಂದೆರಡು ಪಾಲು ಹೆಚ್ಚುಕಡಿಮೆಯಾದರೂ ಕಾಲಿಗೆ ಗೊತ್ತಾಗುತ್ತದೆ.

ಇದ್ಯಾವುದೂ ಅಲ್ಲದೆ ಬರೀ ವೇಗಕ್ಕೆ ತಕ್ಕಂತೆ ಬಂದು ಹೋಗುವ ನಡುಕವಾದರೆ ಚಕ್ರಕ್ಕೇ ಬನ್ನಿ. ಸಾಧಾರಣ ಕಾರಿನ ಚಕ್ರ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 15 ಸುತ್ತು ಹಾಕುತ್ತದೆ. ರಿಮ್‌ನ ಅಂಚಿನಲ್ಲಿ 30 ಗ್ರಾಂ ತೂಕ ಹೆಚ್ಚುಕಡಿಮೆ ಇದ್ದರೆ, ಆ ವೇಗದಲ್ಲಿ ಅದು ಸುಮಾರು ಐದು ಕಿಲೋ ಭಾರದ ಬಲದಲ್ಲಿ ಚಕ್ರವನ್ನು ಮೇಲೆ ಕೆಳಗೆ ಎಳೆದಾಡುತ್ತದೆ, ಅದೂ ಪ್ರತಿ ಸುತ್ತಿಗೂ. ಚಕ್ರ ಮತ್ತು ಸಸ್ಪೆನ್ಷನ್ ತಾವಾಗಿ ಅದುರುವ ಲಯವೂ ಹೆಚ್ಚುಕಡಿಮೆ ಇದೇ ಆಸುಪಾಸಿನಲ್ಲಿದೆ. ಎರಡೂ ಕೂಡಿದಾಗ ನಡುಕ ಹೆಚ್ಚುತ್ತದೆ, ವೇಗ ಇನ್ನೂ ಏರಿದರೆ ಎಷ್ಟೋ ಸಲ ತಗ್ಗುತ್ತದೆ. ತಗ್ಗಿತು ಅಂತ ಅದನ್ನೇ ಪರಿಹಾರ ಮಾಡಿಕೊಂಡು ಇನ್ನೂ ಜೋರಾಗಿ ಓಡಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಇದಕ್ಕೆ ಮದ್ದು ಬ್ಯಾಲೆನ್ಸಿಂಗ್, ಅಂದರೆ ಚಕ್ರವನ್ನು ಮೆಷಿನ್ ಮೇಲೆ ತಿರುಗಿಸಿ, ತೂಕ ಕಡಿಮೆ ಇರುವ ಕಡೆ ಸಣ್ಣ ತುಂಡು ಅಂಟಿಸಿ ಸರಿದೂಗಿಸುವುದು. ಅದಕ್ಕೆ ಮುಂಚೆ ರಿಮ್‌ನ ಒಳಬದಿಗೆ ಬೆರಳಾಡಿಸಿ ನೋಡಿ. ಮಳೆಗಾಲದಲ್ಲಿ ಅಲ್ಲಿ ಕೆಸರು ಕೂತು, ಒಣಗಿ, ಗಟ್ಟಿ ಪದರವಾಗಿರುತ್ತದೆ. ಕೆರೆದು ತೆಗೆದರೆ ಅಷ್ಟಕ್ಕೇ ನಡುಕ ಹೋಗಿರುವುದೂ ಉಂಟು. ಇನ್ನು ಕೆಲವು ರಿಮ್‌ಗಳಲ್ಲಿ ಚೌಕಾಕಾರದ ಅಂಟಿನ ಗುರುತು ಮಾತ್ರ ಕಾಣುತ್ತದೆ. ಅಲ್ಲಿದ್ದ ತೂಕದ ತುಂಡು ಎಲ್ಲೋ ಬಿದ್ದುಹೋಗಿದೆ.

ನಿಜವಾದ ತಲೆನೋವು ಶುರುವಾಗುವುದು ಮೆಷಿನ್ ಸೊನ್ನೆ ತೋರಿಸಿದ ಮೇಲೂ ಕಾರು ನಡುಗಿದಾಗ. ಮಾಮೂಲಿ ಮೆಷಿನ್ ಚಕ್ರವನ್ನು ಗಾಳಿಯಲ್ಲಿ ತಿರುಗಿಸಿ ತೂಕ ಮಾತ್ರ ನೋಡುತ್ತದೆ. ಮೊಟ್ಟೆಯಾಕಾರದ ಚಕ್ರಕ್ಕೂ ತೂಕ ಅಂಟಿಸಿ ಸೊನ್ನೆ ಬರಿಸಬಹುದು, ಆದರೆ ಅದು ನೆಲದ ಮೇಲೆ ಉರುಳಿದಾಗ ಕುಣಿಯುವುದು ತಪ್ಪುವುದಿಲ್ಲ. ಅದಕ್ಕೇ ನಾನು ಯಾವಾಗಲೂ ಮೆಷಿನ್ ತಿರುಗುವಾಗ ಪರದೆ ನೋಡುವುದಕ್ಕಿಂತ ಚಕ್ರದ ಅಂಚನ್ನು ನೋಡಿ ಅನ್ನುತ್ತೇನೆ. ಅಂಚಿನ ಹತ್ತಿರ ಒಂದು ಪೆನ್ ಅಲ್ಲಾಡದಂತೆ ಹಿಡಿದು, ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ನಡುವಿನ ಸಂದು ಒಂದು ಕಡೆ ಕಿರಿದಾಗಿ ಇನ್ನೊಂದು ಕಡೆ ಅಗಲವಾಗುತ್ತಿದ್ದರೆ ರಿಮ್ ಬಾಗಿದೆ, ಇಲ್ಲವೇ ಟೈರ್ ಆಕಾರ ಕೆಟ್ಟಿದೆ. ರಿಮ್‌ಗೂ ಟೈರ್‌ಗೂ ಬೇರೆ ಬೇರೆಯಾಗಿ ಹಿಡಿದು ನೋಡಿದರೆ ತಪ್ಪು ಯಾರದು ಅಂತ ಗೊತ್ತಾಗುತ್ತದೆ. ಎರಡರಲ್ಲೂ ಅಲ್ಪಸ್ವಲ್ಪ ವ್ಯತ್ಯಾಸ ಇದ್ದಾಗ ಟೈರನ್ನು ರಿಮ್‌ನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಂದು ಎಷ್ಟೋ ಸಲ ಸರಿಹೋಗುತ್ತದೆ. ಇದಕ್ಕೆ ಹೊಸ ಸಾಮಾನೇನೂ ಬೇಡ, ಸ್ವಲ್ಪ ತಾಳ್ಮೆ ಬೇಕು.

ಚಕ್ರ ದುಂಡಗಿದ್ದೂ ನಡುಕ ಹೋಗದಿದ್ದರೆ ಅದು ಕೂತಿರುವ ಜಾಗ ನೋಡಿ. ಚಕ್ರವನ್ನು ಬಿಗಿಯುವ ನಡುವಿನ ಲೋಹದ ಭಾಗವೇ ಹಬ್, ಅದರ ಮುಖದ ಮೇಲೆ ತುಕ್ಕಿನ ಪದರ ಇದ್ದರೆ ಚಕ್ರ ಸೊಟ್ಟ ಕೂರುತ್ತದೆ. ತಂತಿ ಬ್ರಷ್‌ನಿಂದ ಲೋಹ ಹೊಳೆಯುವ ತನಕ ಉಜ್ಜಬೇಕು. ಹೊರಗಿನಿಂದ ತಂದು ಹಾಕಿಸಿದ ಅಲಾಯ್ ಚಕ್ರಗಳಲ್ಲಿ ಇನ್ನೊಂದು ತೊಂದರೆ. ಅವುಗಳ ನಡುವಿನ ತೂತು ಎಷ್ಟೋ ಸಲ ಹಬ್‌ಗಿಂತ ದೊಡ್ಡದಿರುತ್ತದೆ, ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ಕೋನ್ ಅನ್ನುವ ಶಂಕುವಿನಾಕಾರದ ತುಂಡು ಅದನ್ನು ಸರಿಯಾಗಿ ನಡುವಿಗೆ ಹಿಡಿಯುತ್ತದೆ, ಕಾರಿಗೆ ಹಾಕಿದಾಗ ಒಂದು ಕೂದಲಿನಷ್ಟು ಪಕ್ಕಕ್ಕೆ ಸರಿದು ಕೂರುತ್ತದೆ. ಆ ಸಂದು ತುಂಬುವ ಬಳೆ, ಅಂದರೆ ಅಳತೆಗೆ ಸರಿಯಾದ ಹಬ್ ರಿಂಗ್, ಹಾಕಿದರೆ ಮುಗಿಯಿತು. ಚಕ್ರವನ್ನು ಸಸ್ಪೆನ್ಷನ್‌ಗೂ ಸ್ಟೇರಿಂಗ್‌ಗೂ ಜೋಡಿಸುವ ಬಾಲ್ ಜಾಯಿಂಟ್, ಟೈ ರಾಡ್, ಇಲ್ಲವೇ ಚಕ್ರದ ಬೇರಿಂಗ್ ಸಡಿಲವಾಗಿದ್ದರೆ ಸಣ್ಣ ನಡುಕವೂ ದೊಡ್ಡದಾಗುತ್ತದೆ, ಅದನ್ನೂ ಜಾಕ್ ಎತ್ತಿ ಚಕ್ರ ಅಲ್ಲಾಡಿಸಿ ನೋಡಿಬಿಡಿ.

ಕಾರು ವಾರಗಟ್ಟಲೆ ಒಂದೇ ಕಡೆ ನಿಂತಿದ್ದರೆ ಟೈರ್‌ನ ತಳ ಚಪ್ಪಟೆಯಾಗಿ ಮೊದಲ ಒಂದಷ್ಟು ಕಿಲೋಮೀಟರ್ ನಡುಗುತ್ತದೆ. ಟೈರ್ ಬಿಸಿಯಾದ ಮೇಲೆ ಹೋದರೆ ಹೆದರಬೇಕಾಗಿಲ್ಲ.

ಹೆದರಬೇಕಾದ್ದು ಬೇರೆ ಇದೆ. ನಡುಕ ಇದ್ದಕ್ಕಿದ್ದಂತೆ ಶುರುವಾಗಿ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಅಥವಾ ಟೈರ್‌ನ ಮೇಲೆ ಎಲ್ಲಾದರೂ ಉಬ್ಬು ಕಂಡರೆ, ಒಳಗಿನ ಪದರ ಬಿಟ್ಟುಕೊಳ್ಳುತ್ತಿರಬಹುದು. ಆ ಟೈರ್‌ನಲ್ಲಿ ಹೆದ್ದಾರಿಗೆ ಇಳಿಯಲೇಬೇಡಿ, ಸ್ಟೆಪ್ನಿ ಹಾಕಿಕೊಳ್ಳಿ. ಚಕ್ರ ತೆಗೆದು ಹಾಕಿದ ಸ್ವಲ್ಪ ಹೊತ್ತಿಗೇ ನಡುಕ ಬಂದರೆ ಕೂಡಲೇ ಪಕ್ಕಕ್ಕೆ ನಿಲ್ಲಿಸಿ ನಟ್ ನೋಡಿ. ನಟ್‌ಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿಸಬೇಕು, ಕೊನೆಯ ಬಿಗಿತ ಟಾರ್ಕ್ ರೆಂಚ್‌ನಲ್ಲಿ, ಕಾರಿನ ಪುಸ್ತಕದಲ್ಲಿರುವ ಅಳತೆಗೆ. ಗಾಳಿ ಗನ್‌ನಲ್ಲಿ ಒಂದೇ ಏಟಿಗೆ ಬಿಗಿದರೆ ಒಂದು ನಟ್ ಜಾಸ್ತಿ ಒಂದು ಕಡಿಮೆ ಆಗಿ, ಮುಂದೆ ಡಿಸ್ಕ್‌ಗೂ ಕೇಡು. ಅಲಾಯ್ ಚಕ್ರವಾದರೆ 80ರಿಂದ 100 ಕಿ.ಮೀ. ಓಡಿಸಿದ ಮೇಲೆ ಇನ್ನೊಂದು ಸಲ ಬಿಗಿ ಪರೀಕ್ಷಿಸಿ.