ಹಳೇ ಸೀಡಿ ಡ್ರೈವ್, ಹೊಸ ಲಿನಕ್ಸ್: ಮೊದಲು ಕೇಬಲ್ ನೋಡಿ

ಹಳೇ ಸೀಡಿ ಡ್ರೈವ್ ಲಿನಕ್ಸ್‌ನಲ್ಲಿ ಕಾಣಿಸಲಿಲ್ಲ ಅಂದರೆ ಎಲ್ಲರೂ ಡ್ರೈವರ್ ಹುಡುಕಲು ಹೊರಡುತ್ತಾರೆ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಡ್ರೈವ್‌ನಿಂದ ಹೊರಟ ಕೇಬಲ್ ಎಲ್ಲಿಗೆ ಹೋಗಿದೆ?

ಮದರ್‌ಬೋರ್ಡಿನ ಐಡಿಇ ಕನೆಕ್ಟರಿಗೆ (ಹಳೇ ಹಾರ್ಡ್ ಡಿಸ್ಕ್, ಸೀಡಿ ಡ್ರೈವ್ ಜೋಡಿಸುವ ಜಾಗ) ಹೋಗಿದ್ದು, ಡ್ರೈವ್ ಅಟಾಪಿ (ಐಡಿಇ ಮೂಲಕ ಸೀಡಿ ಡ್ರೈವ್ ನಡೆಸುವ ಸಾಮಾನ್ಯ ಮಾನದಂಡ) ಜಾತಿಯದಾಗಿದ್ದರೆ ಜಾಸ್ತಿ ಚಿಂತೆ ಇಲ್ಲ. ಯಾವ ಕಂಪನಿಯದಾದರೂ ಒಂದೇ ಭಾಷೆಯ ಆದೇಶಗಳು. ಲಿನಕ್ಸ್‌ನ ತಿರುಳಾದ ಕರ್ನಲ್ ತಾನೇ ಗುರುತಿಸಿ ಎಸ್‌ಆರ್‌0 ಎಂದು ಹೆಸರಿಡುತ್ತದೆ. ಹಳೇ ಪುಸ್ತಕಗಳಲ್ಲಿರುವ ಎಚ್‌ಡಿಸಿ ಎಂಬ ಹೆಸರನ್ನು ಈಗ ಹುಡುಕಬೇಡಿ. ಕಾಣದಿದ್ದರೆ ಮೊದಲು ಡ್ರೈವ್‌ನ ಹಿಂದಿರುವ ಜಂಪರ್ (ಮಾಸ್ಟರ್ ಅಥವಾ ಸ್ಲೇವ್ ಎಂದು ಹೊಂದಿಸುವ ಪುಟ್ಟ ಕ್ಲಿಪ್) ನೋಡಿ, ಒಂದೇ ಕೇಬಲ್‌ನಲ್ಲಿರುವ ಎರಡು ಡ್ರೈವ್‌ಗಳೂ ಮಾಸ್ಟರ್ ಆಗಿರಬಹುದು. ಕಂಡರೂ ಓದುವಾಗ ಪದೇ ಪದೇ ರೀಸೆಟ್ ಆಗುತ್ತಿದ್ದರೆ ಡಿಎಂಎ (ಪ್ರೊಸೆಸರ್ ನೆರವಿಲ್ಲದೆ ಡೇಟಾ ನೇರ ಮೆಮೊರಿಗೆ ಹೋಗುವ ವ್ಯವಸ್ಥೆ) ಮೇಲೆ ಅನುಮಾನ ಪಡಿ. ಬೂಟ್ ಮಾಡುವಾಗ ಲಿಬ್‌ಅಟಾ.ಡಿಎಂಎ=1 (libata.dma=1) ಎಂದು ಕೊಟ್ಟರೆ ಡಿಸ್ಕ್‌ಗಳಿಗೆ ಡಿಎಂಎ ಉಳಿದು, ಸೀಡಿಗೆ ಮಾತ್ರ ನಿಲ್ಲುತ್ತದೆ. ವೇಗ ಹೋಗುತ್ತದಲ್ಲ ಅನ್ನಬೇಡಿ. 4ಎಕ್ಸ್ ಡ್ರೈವ್ ಕೊಡುವುದೇ ಸೆಕೆಂಡಿಗೆ 600 ಕೆಬಿ.

ಕೇಬಲ್ ಸೌಂಡ್ ಕಾರ್ಡಿಗೆ ಹೋಗಿದ್ದರೆ ಕಥೆ ಬೇರೆ. 1990ರ ದಶಕದ ಆರಂಭದಲ್ಲಿ ಮಿತ್ಸುಮಿ, ಪ್ಯಾನಸಾನಿಕ್, ಸೋನಿ ಡ್ರೈವ್‌ಗಳಿಗೆ ಒಂದೊಂದು ಖಾಸಗಿ ಇಂಟರ್‌ಫೇಸ್, ಅಂದರೆ ಜೋಡಿಸುವ ಸ್ವಂತ ವಿಧಾನ ಇತ್ತು; ಅದರ ಕನೆಕ್ಟರ್ ಹಲವು ಸೌಂಡ್ ಕಾರ್ಡ್‌ಗಳ ಮೇಲೆ ಇರುತ್ತಿತ್ತು. ಪ್ಯಾನಸಾನಿಕ್ ಮತ್ತು ಮಿತ್ಸುಮಿಯ ಕನೆಕ್ಟರ್ 40 ಪಿನ್‌ನದು, ನೋಡಲು ಥೇಟ್ ಐಡಿಇ. ಚುಚ್ಚಿದರೆ ಕೂರುತ್ತದೆ, ಕೆಲಸ ಮಾಡುವುದಿಲ್ಲ. ಹಾಗಾಗಿ ಸುಮ್ನೆ ಮದರ್‌ಬೋರ್ಡಿಗೆ ಚುಚ್ಚಿ ನೋಡಬೇಡಿ.

ಇವುಗಳಿಗೆ ಲಿನಕ್ಸ್‌ನಲ್ಲಿ ಬೇರೆ ಬೇರೆ ಡ್ರೈವರ್ ಇದ್ದವು: ಪ್ಯಾನಸಾನಿಕ್‌ಗೆ ಎಸ್‌ಬಿಪಿಸಿಡಿ, ಮಿತ್ಸುಮಿಗೆ ಎಂಸಿಡಿ. ಬೂಟ್ ಸಾಲಿನಲ್ಲಿ ಪೋರ್ಟ್ ವಿಳಾಸ (ಡ್ರೈವ್ ಜೊತೆ ಕಂಪ್ಯೂಟರ್ ಮಾತಾಡುವ ಜಾಗದ ಸಂಖ್ಯೆ) ನಾವೇ ಹೇಳುವುದು ಒಳ್ಳೆಯದು. ಅದನ್ನು ಕರ್ನಲ್‌ಗೆ ಹುಡುಕಲು ಬಿಟ್ಟರೆ ಪಕ್ಕದ ಐಎಸ್‌ಎ ಕಾರ್ಡ್ (ಹಳೇ ಮಾದರಿಯ ಸ್ಲಾಟ್‌ನಲ್ಲಿ ಕೂರುವ ಕಾರ್ಡ್) ಕೆರಳಬಹುದು. ಮಿತ್ಸುಮಿಯ ಸಾಮಾನ್ಯ ವಿಳಾಸ ಹೆಕ್ಸ್ (16ರ ಆಧಾರದ ಎಣಿಕೆ) 300. ಎನ್‌ಇ2000 ನೆಟ್‌ವರ್ಕ್ ಕಾರ್ಡ್‌ಗಳನ್ನೂ ಅಲ್ಲೇ ಇಡುವ ರೂಢಿ ಇತ್ತು! ಎರಡರಲ್ಲಿ ಒಂದರ ವಿಳಾಸವನ್ನು ಬದಲಿಸದೆ ಗತಿಯಿಲ್ಲ.

2007ರಲ್ಲಿ, ಕರ್ನಲ್‌ನ 2.6.23 ಆವೃತ್ತಿಯ ಹೊತ್ತಿಗೆ ಈ ಡ್ರೈವರ್‌ಗಳನ್ನು ಕರ್ನಲ್‌ನಿಂದ ತೆಗೆದುಹಾಕಲಾಯಿತು. ಬಳಸುವವರೂ ಇಲ್ಲ, ಪರೀಕ್ಷಿಸುವವರೂ ಇಲ್ಲ ಅಂದಮೇಲೆ ಅದು ಸರಿಯಾದ ತೀರ್ಮಾನವೇ. ಆದ್ದರಿಂದ ಇಂಥ ಡ್ರೈವ್‌ಗೆ 2.4 ಸಾಲಿನ ಕರ್ನಲ್ ಇರುವ ಹಳೇ ಡಿಸ್ಟ್ರೋ (ಲಿನಕ್ಸ್ ವಿತರಣೆ) ಹಾಕಿ, ಫ್ಲಾಪಿಯಿಂದ ಬೂಟ್ ಮಾಡಿ. ಸೀಡಿಯಿಂದಲೇ ಬೂಟ್ ಮಾಡುವ ಎಲ್ ಟೊರಿಟೊ ಪದ್ಧತಿ ಬಂದದ್ದೇ 1995ರಲ್ಲಿ. ಆ ಕಾಲದ ಯಂತ್ರವನ್ನೇ ಉಳಿಸಿಕೊಳ್ಳುವ ಹುಚ್ಚು ಇದ್ದರೆ ಮಾತ್ರ ಇಷ್ಟೆಲ್ಲ. ಸೀಡಿಯೊಳಗಿನ ಕಡತಗಳಷ್ಟೇ ಬೇಕಿದ್ದರೆ ಡಿಸ್ಕನ್ನು ಯುಎಸ್‌ಬಿ ಡ್ರೈವ್‌ಗೆ ಹಾಕಿ ಓದಿಸಿ.

ಇನ್ನೊಂದು ವಿಷಯ. ಎಲ್ಲವೂ ಸರಿಯಿದ್ದರೂ ಐ/ಒ ಎರರ್ (ಓದುವಲ್ಲಿ ದೋಷ) ಬರುತ್ತಿದೆಯಾ? ಹಾಕಿದ್ದು ಸೀಡಿ-ಆರ್‌ಡಬ್ಲ್ಯೂ (ಅಳಿಸಿ ಮತ್ತೆ ಬರೆಯಬಹುದಾದ ಸೀಡಿ) ಇರಬಹುದು. ಅದರಿಂದ ಬೆಳಕು ತೀರಾ ಕಡಿಮೆ ಪ್ರತಿಫಲಿಸುತ್ತದೆ, ಹಳೇ ಡ್ರೈವ್‌ನ ಕಣ್ಣಿಗೆ ಕಾಣುವುದೇ ಇಲ್ಲ. ಕಾರ್ಖಾನೆಯಲ್ಲೇ ಅಚ್ಚಾದ ಒಂದು ಸೀಡಿ ಹಾಕಿ ನೋಡಿ. ಅದು ಸಲೀಸಾಗಿ ಓದಿದರೆ ಡ್ರೈವರ್ ಸರಿಯಾಗಿದೆ.